ಎರಡು ಬಸ್ ಸ್ಟ್ಯಾಂಡಿನ ಊರು

"ಯಾರ ಹೆಸರು ಬರ್ಕೊಳ್ಳಲಿ?"

ಪ್ರೆಸ್ಸಿನವನು ತಲೆ ಎತ್ತದೆ ಕೇಳಿದ. ಕೈಯಲ್ಲಿ ಪೆನ್ಸಿಲ್ಲು, ಬೆರಳ ತುದಿಗಳಲ್ಲೆಲ್ಲ ಕಪ್ಪು ಶಾಯಿ.

"ಚೂಡಾಮಣಿ. ಕೋಟೆ ಬೀದಿ ಶ್ಯಾಮಣ್ಣನವರ ಮಗಳು."

ಪೆನ್ಸಿಲ್ಲು ಅರ್ಧಕ್ಕೇ ನಿಂತಿತು. ಅವನು ತಲೆ ಎತ್ತಿದ. ಒಂದು ಕ್ಷಣ... ಎರಡು ಕ್ಷಣ... ಕಣ್ಣು ತೆಗೆಯಲೇ ಇಲ್ಲ.

ಚೂಡಾಮಣಿ ಅಷ್ಟರಲ್ಲಾಗಲೇ ಗೋಡೆಗೆ ಚೌಕಟ್ಟು ಹಾಕಿಸಿ ತೂಗಿದ್ದ ಲೈಸೆನ್ಸನ್ನು ಓದಿಕೊಂಡಿದ್ದಳು. ಮುದ್ರಕರು: ಯೋಗಾನರಸಿಂಹ, ಸ್ವಂತ ಊರು ಮದ್ದೂರು.

ಇವನೇ! ಎರಡು ವರ್ಷದ ಹಿಂದೆ, ತನ್ನನ್ನು ನೋಡಲು ಬರುತ್ತೇವೆಂದು ಕಾಗದ ಬರೆಸಿ ಬಾರದೇ ಹೋದವನು ಇವನೇ.

ಕೋಪ ಬರಬೇಕಿತ್ತು. ಅಳುವಾದರೂ ಬರಬೇಕಿತ್ತು. ಎರಡೂ ಬರಲಿಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತಾಗ ಜೋಮು ಹಿಡಿಯುತ್ತದಲ್ಲ, ಅವಳ ಎದೆ ಹಾಗಿತ್ತು. ಇದೆ, ಆದರೆ ತನ್ನದು ಅನ್ನಿಸುವುದಿಲ್ಲ.

"ಯಾವತ್ತಿಗೆ ಕೊಡ್ತೀರಿ?" ಎಂದಷ್ಟೇ ಕೇಳಿದಳು.

ಅವನೂ ಏನೂ ಗೊತ್ತಿಲ್ಲದವನ ಹಾಗೆ ಉಳಿದ ಹೆಸರು ಬರೆದು ಮುಗಿಸಿದ. ನೋಡಿ, ಇಬ್ಬರಿಗೂ ಗೊತ್ತು. ಇಬ್ಬರೂ ಹೇಳಲಿಲ್ಲ. ಮರ್ಯಾದಸ್ಥರ ಮನೆಯಲ್ಲಿ ಹುಟ್ಟಿದವರ ಹಣೆಬರಹವೇ ಇದು.

ಅದು ತುರ್ತು ಪರಿಸ್ಥಿತಿ ಕಳೆದ ಮರುವರ್ಷ. ಮಳವಳ್ಳಿ ಪುರಸಭೆಗೆ ಚುನಾವಣೆ ಬಂದಿತ್ತು. ಬಾಯಿ ಮುಚ್ಚಿಕೊಂಡಿದ್ದವರಿಗೆಲ್ಲ ಒಮ್ಮೆಗೇ ಮಾತು ಬಂದು, ಬೀದಿಗೊಂದು ಮೈಕು ಕೂಗುತ್ತಿತ್ತು. ಕೋಟೆ ಬೀದಿಯ ವಾರ್ಡಿಗೆ ಮೂವರು ನಿಂತಿದ್ದರು. ಮಹಿಳಾ ಸಮಾಜದ ಅಧ್ಯಕ್ಷೆ ಆಂಡಾಳಮ್ಮ, ರಿಟೈರಾದ ಹೆಡ್ ಮೇಡಂ, ಈ ಸಲ ಒಂದು ಹಟ ಹಿಡಿದಿದ್ದರು. ಗಂಡ ಹೇಳಿದ ಗುರುತಿಗೆ ಮುದ್ರೆ ಒತ್ತಿ ಬಂದದ್ದು ಸಾಕು, ಮೂವರೂ ಬಸ್ಸಿನ ವಿಚಾರದಲ್ಲಿ ಏನು ಹೇಳುತ್ತಾರೋ ಪಕ್ಕಪಕ್ಕದಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಹಂಚೋಣ, ಓದಿ ನೋಡಿ ಹೆಂಗಸರೇ ತೀರ್ಮಾನ ಮಾಡಲಿ ಅಂತ.

ಬಸ್ಸೇ ಯಾಕೆ? ಮಳವಳ್ಳಿಯಲ್ಲಿ ಇದ್ದದ್ದು ಎರಡು ಬಸ್ ಸ್ಟ್ಯಾಂಡು. ಸರ್ಕಾರಿ ಬಸ್ಸಿಗೊಂದು, ಪ್ರೈವೇಟ್ ಬಸ್ಸಿಗೊಂದು. ಮಧ್ಯೆ ಇನ್ನೂರು ಮಾರು ದೂರ, ಒಂದು ತಿರುವು, ಸಂತೆ ಮಾಳದ ಗೋಡೆ. ಇಲ್ಲಿ ನಿಂತವರಿಗೆ ಅಲ್ಲಿ ಬಂದ ಬಸ್ಸು ಕಾಣುತ್ತಿರಲಿಲ್ಲ. ಕೈಯಲ್ಲಿ ಕೂಸು, ಕಂಕುಳಲ್ಲಿ ಗಂಟು ಹಿಡಿದುಕೊಂಡು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಓಡಾಡುತ್ತಿದ್ದವರು ಹೆಂಗಸರೇ.

ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಕೆಲಸ ಚೂಡಾಮಣಿಯ ತಲೆಗೆ ಬಂತು. ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನ ಟೀಚರು, ಇಪ್ಪತ್ತೆಂಟು ದಾಟಿತ್ತು. ಯಾರು ಏನು ಹೇಳಿದರೂ ಆಗಲಿ ಅನ್ನುತ್ತಿದ್ದಳು. ಇದಕ್ಕೂ ಆಗಲಿ ಅಂದಿದ್ದಳು.

ಅವಳು ಮೊದಲಿಂದ ಹೀಗಿರಲಿಲ್ಲ. ಮದ್ದೂರಿನವರು ಬರಲಿಲ್ಲವೆಂಬ ಸುದ್ದಿ ಬೀದಿಗೆಲ್ಲ ಹರಡಿತು. ಆಮೇಲೆ ಬಂದ ಎರಡು ಕಡೆಯವರೂ, ಅವರು ಯಾಕೆ ಬಿಟ್ಟರು, ಹುಡುಗಿಗೆ ಏನಾದರೂ ಐಬೇ ಎಂದು ವಿಚಾರಿಸಿಕೊಂಡು ಹಿಂದೆ ಸರಿದರು. ಆ ಕೊರಗಿನಲ್ಲೇ ಅಮ್ಮ ತೀರಿಕೊಂಡರು. ಅವತ್ತು ಚೂಡಾಮಣಿ ಅಳಲಿಲ್ಲ. ಬಂದವರೆಲ್ಲ ಕಲ್ಲು ಹೃದಯದವಳು ಎಂದು ಆಡಿಕೊಂಡರು. ಇರಬಹುದು ಅಂದುಕೊಂಡಳು ಅವಳೂ. ಆಮೇಲೆ ಅವಳಿಗೆ ಹಸಿವೂ ಆಗುತ್ತಿರಲಿಲ್ಲ, ಗಂಟೆ ನೋಡಿ ಉಣ್ಣುತ್ತಿದ್ದಳು.

ಈಗ ಮಂಡ್ಯದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹೆಂಡತಿ ಸತ್ತವರು, ಇಬ್ಬರು ಮಕ್ಕಳು. ಶುಕ್ರವಾರ ತಾಂಬೂಲ ಬದಲಾಯಿಸಿಕೊಳ್ಳುವುದು ಎಂದು ಅಪ್ಪ ನಿಶ್ಚಯ ಮಾಡಿದ್ದರು. ಭಾನುವಾರ ಊರಿನ ವೋಟು. ನಿನ್ನ ಮನಸ್ಸಿಗೆ ಬಂದಿದೆಯಾ ಎಂದು ಅಪ್ಪ ಕೇಳಿದ್ದಕ್ಕೆ ಅವಳು ಒಂದೇ ಮಾತು ಹೇಳಿದ್ದಳು: ನಿಮ್ಮಿಷ್ಟ.

ಇವತ್ತು ಶನಿವಾರ. ತಾಂಬೂಲಕ್ಕೆ ಆರು ದಿನ.

"ಒಂದು ತೊಂದರೆ ಇದೆ," ಎಂದ ಯೋಗಾನರಸಿಂಹ, ಅವಳು ಬರೆದು ತಂದ ಹಾಳೆಯನ್ನು ಓದುತ್ತ. "ಈ ಮೂವರ ಕರಪತ್ರಾನೂ ನಾನೇ ಅಚ್ಚು ಹಾಕಿರೋದು. ಅದರಲ್ಲಿ ಒಂದು ಹೇಳ್ತಾರೆ, ಮೈಕಲ್ಲಿ ಇನ್ನೊಂದು ಹೇಳ್ತಾರೆ. ನಾಳೆ ನಾನು ಹಂಗೆ ಹೇಳಲೇ ಇಲ್ಲ ಅಂದ್ರೆ, ಕೆಳಗೆ ಹೆಸರಿರೋದು ನಂದು. ಅವರ ಎದುರಿಗೇ ಬರ್ಕೊಂಡು ಸಹಿ ಹಾಕಿಸಬೇಕು."

"ಹಾಕಿಸಿಕೊಂಡು ಬರ್ತೀನಿ."

"ನಾನೂ ಬರಬೇಕಾಗತ್ತೆ. ಸಹಿ ನನ್ನ ಕಣ್ಣೆದುರಿಗೆ ಆಗಬೇಕು."

ಬೇಡ ಅನ್ನಲು ಬಾಯಿ ತೆರೆದಳು. ಆದರೆ ಬೇಡ ಅನ್ನುವುದಕ್ಕೂ ಒಳಗೆ ಏನಾದರೂ ಅಲುಗಾಡಬೇಕಲ್ಲ.

"ಆಗಲಿ," ಎಂದಳು.

ಸೋಮವಾರ ಸ್ಕೂಲು ಬಿಟ್ಟ ಮೇಲೆ ಇಬ್ಬರೂ ಮೊದಲ ಅಭ್ಯರ್ಥಿ ಕೆಂಪಸಿದ್ದಯ್ಯನ ಹೋಟೆಲಿಗೆ ಹೋದರು. ಹೋಟೆಲು ಇದ್ದದ್ದು ಪ್ರೈವೇಟ್ ಸ್ಟ್ಯಾಂಡಿನ ಎದುರಿಗೇ. ಆದ್ದರಿಂದ ಅವನ ಪ್ರಕಾರ ಊರಿಗೆ ಎರಡು ಸ್ಟ್ಯಾಂಡು ಇರಲೇಬೇಕು.

"ಮನುಸ್ಯಂಗೆ ಎರಡು ಕಣ್ಣಿಲ್ವಾ ಟೀಚರಮ್ಮ? ಒಂದ್ ಕಿತ್ತಾಕು ಅಂದ್ರೆ ಆಯ್ತದಾ?"

ಗೆದ್ದರೆ ತನ್ನ ಕಡೆಯ ಸ್ಟ್ಯಾಂಡಿಗೆ ತಗಡಿನ ಚಾವಣಿ ಹಾಕಿಸುತ್ತಾನಂತೆ. ಇನ್ನೊಂದು ಕಣ್ಣಿಗೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ಅದನ್ನು ಸರ್ಕಾರ ನೋಡಿಕೊಳ್ಳುತ್ತದೆ ಅಂದ. ಅಷ್ಟನ್ನೂ ಬರೆದುಕೊಂಡರು. ಮರುಮಾತಿಲ್ಲದೆ ಸಹಿ ಹಾಕಿಕೊಟ್ಟ.

ಮಂಗಳವಾರ ಬೆಲ್ಲದ ಮಂಡಿಯ ದೊಡ್ಡಸಿದ್ದಯ್ಯನ ಸರದಿ. ಇವನು ಎರಡೂ ಸ್ಟ್ಯಾಂಡು ತೆಗೆಸಿ, ಊರಾಚೆ ಕೊಳ್ಳೇಗಾಲದ ರಸ್ತೆಯಲ್ಲಿ ಒಂದೇ ದೊಡ್ಡ ಸ್ಟ್ಯಾಂಡು ಕಟ್ಟಿಸುವವನು. ಅಲ್ಲಿ ಅವನದೇ ಎರಡು ಎಕರೆ ಇದೆ ಎಂದು ಊರಿಗೆಲ್ಲ ಗೊತ್ತಿತ್ತು. ಅಲ್ಲಿಂದ ಊರೊಳಕ್ಕೆ ಮುದುಕಿಯರು ಹೇಗೆ ಬರಬೇಕು ಅಂದರೆ, ಜಟಕಾ ಇದೆ, ನಡೆದರೆ ಇನ್ನೂ ಒಳ್ಳೆಯದು, ಮೈಗೆ ಆರೋಗ್ಯ ಅಂತ ಹೇಳಿದ.

ದೊಡ್ಡಸಿದ್ದಯ್ಯ ಇವರನ್ನು ಮುಕ್ಕಾಲು ಗಂಟೆ ಜಗಲಿಯ ಮೇಲೆ ಕಾಯಿಸಿದ್ದ. ಆ ಮುಕ್ಕಾಲು ಗಂಟೆಯಲ್ಲೇ ಕಿಡಿ ಹೊತ್ತಿದ್ದು.

"ಬಂದವರನ್ನ ಕಾಯಿಸೋದು ನಿಮ್ಮೂರಿನ ರೂಢಿ ಅಂತ ಕಾಣತ್ತೆ," ಎಂದ ಯೋಗಾನರಸಿಂಹ, ಬೀದಿಯ ಕಡೆ ನೋಡುತ್ತ.

ಚೂಡಾಮಣಿ ಅವನತ್ತ ತಿರುಗಿದಳು. ಎಂಥ ಎದೆಗಾರಿಕೆ ಇವನದು!

"ಬರ್ತೀವಿ ಅಂತ ಹೇಳಿ ಬರದೇ ಇರೋದು ನಿಮ್ಮೂರಿನ ರೂಢಿ ಅಂತ ನಾನೂ ಕೇಳಿದ್ದೆ."

ಅವನ ಮುಖ ಕೆಂಪಾಯಿತು. ನಾಚಿಕೆಯಿಲ್ಲದ ಹೆಣ್ಣು ಎಂದು ಅವನು ಅಂದುಕೊಂಡ. ಮಾನಗೆಟ್ಟವನು ಎಂದು ಇವಳು ಅಂದುಕೊಂಡಳು. ವಾಪಸು ಬರುವಾಗ ರಸ್ತೆಯ ಒಂದು ಬದಿಗೆ ಅವನು, ಇನ್ನೊಂದು ಬದಿಗೆ ಇವಳು.

ಆದರೆ ಮನೆಗೆ ಬಂದು ಕಾಲು ತೊಳೆಯುವಾಗ ಅವಳಿಗೆ ಅನ್ನಿಸಿತು... ಈ ದಿನ ಎಷ್ಟೋ ತಿಂಗಳ ಮೇಲೆ ತಾನು ಯಾರಿಗೋ ಎದುರು ಮಾತಾಡಿದೆನಲ್ಲ. ಆ ಅನ್ನಿಸಿಕೆಯೂ ಬಹಳ ಹೊತ್ತು ನಿಲ್ಲಲಿಲ್ಲ.

ಬುಧವಾರ ಮಾಯಮ್ಮ.

ಮಾಯಮ್ಮ ಪ್ರೈವೇಟ್ ಸ್ಟ್ಯಾಂಡಿನಲ್ಲಿ ಹೂವು ಮಾರುವವಳು. ಚುನಾವಣೆಗೆ ನಿಂತಿದ್ದೇನೆಂದು ವ್ಯಾಪಾರವನ್ನೇನೂ ಬಿಟ್ಟಿರಲಿಲ್ಲ. ಕನಕಾಂಬರದ ದಿಂಡು ಕಟ್ಟುತ್ತಲೇ ಮಾತಿಗೆ ಕೂತಳು. ಊರಿಗೆ ಒಂದೇ ಸ್ಟ್ಯಾಂಡು ಬೇಕು, ಊರೊಳಗೇ ಬೇಕು, ಹೆಂಗಸರಿಗೆ ಒಂದು ಮರೆ ಬೇಕು. ಅದು ಆಗುವ ತನಕ ಎರಡೂ ಕಡೆ ದೊಡ್ಡ ಬೋರ್ಡು ಹಾಕಿ, ಇನ್ನೊಂದು ಕಡೆ ಯಾವ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಬರೆಸಬೇಕು. ಚೂಡಾಮಣಿ ಬರೆದುಕೊಳ್ಳುತ್ತ ಹೋದಳು. ಇವಳ ಮಾತಿನಲ್ಲಿ ಸುಳ್ಳಿನ ಎಳೆ ಇರಲಿಲ್ಲ.

ಯೋಗಾನರಸಿಂಹ ಯಾಕೋ ಕೂರದೆ ದೂರವೇ ನಿಂತಿದ್ದ. ಅವಳ ಕರಪತ್ರ ಅಚ್ಚು ಹಾಕಿಸಲು ಬಂದವರು ಬೇರೆಯವರು, ಅವಳು ಪ್ರೆಸ್ಸಿನ ಮೆಟ್ಟಿಲು ಹತ್ತಿರಲಿಲ್ಲ. ಹೆಬ್ಬೆಟ್ಟಿಗೆಂದು ಶಾಯಿಯ ಡಬ್ಬಿ ತೆಗೆದು ಹತ್ತಿರ ಬಂದಾಗ ಮಾಯಮ್ಮ ಅವನ ಮುಖ ನೋಡಿದಳು. ಕೈಯಲ್ಲಿದ್ದ ದಾರ ನಿಂತಿತು.

"ಅಯ್, ನೀವಾ ಸ್ವಾಮೇರೆ! ಮದುವೆ ಆಯ್ತಾ ನಿಮ್ದು? ನಿಮ್ಮವ್ವಾರು ಚೆಂದಾಗವ್ರಾ?"

ಮಾಯಮ್ಮ ಚೂಡಾಮಣಿಯ ಕಡೆ ತಿರುಗಿದಳು.

"ಎಣ್ಣು ನೋಡಾಕೆ ಅಂತ ಬಂದಿದ್ರು ಕಣವ್ವ ಇವ್ರು. ಅವ್ವ ಮಗ ಇಬ್ರೇಯ. ಮದ್ದೂರಿಂದ ಹತ್ತೂವರೆ ಬಸ್ಸಲ್ಲಿ ಇಳುದ್ರು. ಒಂದು ಗಂಟೆ ಆದ್ರೂ ಇದೇ ಕಲ್ಲಮ್ಯಾಲೆ ಕೂತವ್ರೆ. ಆವಮ್ಮ ತಂದಿದ್ದ ಊವು-ಅಣ್ಣಿನ ತಟ್ಟೆ ಮ್ಯಾಲಿನ ಬಟ್ಟೆ ಸೈತ ಸರ್ಸಲಿಲ್ಲ. ಕರಿಯಾಕೆ ಒಂದು ನರಪಿಳ್ಳೆ ಬರ್ನಿಲ್ಲ ಕಣವ್ವ. ನಾನೇ ಕುಡಿಯಾಕೆ ನೀರು ಕೊಟ್ಟೆ. ಆಮ್ಯಾಲೆ ಬಂದ ಬಸ್ಸಲ್ಲೇ ಒಂಟೋದ್ರು. ಆ ಎಣ್ಣಿನೋರು ಮನುಸ್ಯರಾ ಅಂತೀನಿ?"

ಮೊದಲ ಸಲ ಹೆಣ್ಣು ನೋಡಲು ಬಂದವರು ಬೀದಿಯಲ್ಲಿ ಮನೆ ವಿಚಾರಿಸಿಕೊಂಡು ಹೋಗುವಂತಿಲ್ಲ. ಹೆಣ್ಣಿನ ಕಡೆಯ ಹಿರಿಯರು ಬಸ್ಸಿನ ಹತ್ತಿರ ಬಂದು, ಕೈಮುಗಿದು ಕರೆದುಕೊಂಡು ಹೋಗಬೇಕು. ಕರೆಯಲು ಬರಲಿಲ್ಲ ಅಂದರೆ ಬೇಡ ಅಂದ ಹಾಗೆ. ಈ ಸೀಮೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಚೂಡಾಮಣಿಯ ಬೆರಳು ಪೆನ್ನಿನ ಮೇಲೆ ಹಾಗೇ ಇತ್ತು.

"ನಮ್ಮಪ್ಪ ಅವತ್ತು..." ಅವಳ ದನಿ ಅವಳಿಗೇ ದೂರದಿಂದ ಕೇಳಿದ ಹಾಗಿತ್ತು. "ಹತ್ತು ಗಂಟೆಗೆ ಮನೆ ಬಿಟ್ಟವರು, ನಡುವೆ ಒಂದ್ಸಲ ಮನೆಗೆ ಬಂದು ಹೋಗಿದ್ದು ಬಿಟ್ರೆ, ಒಂದೂವರೆ ತನಕ ಬಿಸಿಲಲ್ಲಿ ನಿಂತಿದ್ರು. ಆ ಕಡೆ. ಸರ್ಕಾರಿ ಸ್ಟ್ಯಾಂಡಲ್ಲಿ."

ಮಾಯಮ್ಮ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿದಳು. ಆಮೇಲೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಅಯ್ಯೋ ಸಿವನೇ... ಆ ಎಣ್ಣು ನೀನೇ ಏನವ್ವ?"

ಇನ್ನೂರು ಮಾರು. ಒಂದು ತಿರುವು. ಅಷ್ಟೇ!

ಯೋಗಾನರಸಿಂಹ ಆ ಕಲ್ಲಿನ ಮೇಲೆ ಕುಸಿದು ಕೂತ. ಆಮೇಲೆ, "ಹೆಬ್ಬೆಟ್ಟು ಒತ್ತಮ್ಮ," ಎಂದು ಶಾಯಿಯ ಡಬ್ಬಿ ಚಾಚಿದ.

ಇನ್ನು ಎಲ್ಲ ಸರಿಹೋಯಿತು ಎಂದು ನೀವು ಅಂದುಕೊಳ್ಳುತ್ತೀರಿ. ಚೂಡಾಮಣಿಯೂ ಹಾಗೇ ಕಾದಳು. ಮನೆಯ ದಾರಿಯುದ್ದಕ್ಕೂ ಕಾದಳು. ಈಗ ಎದೆ ಬಿಚ್ಚೀತು, ಈಗ ಕಣ್ಣು ತುಂಬೀತು... ಏನೂ ಆಗಲಿಲ್ಲ. ತನಗೆ ಅವಮಾನ ಮಾಡಿದವರೇ ಇಲ್ಲ ಎಂದು ತಿಳಿಯಿತು. ತಿಳಿದದ್ದು ತಲೆಯಲ್ಲೇ ಉಳಿಯಿತು, ಕೆಳಗೆ ಇಳಿಯಲಿಲ್ಲ.

ಶುಕ್ರವಾರಕ್ಕೆ ನಡುವೆ ಇನ್ನು ಒಂದೇ ದಿನ. ಸುಮ್ಮನಿದ್ದರೆ ಅದು ತಾನಾಗಿಯೇ ನಡೆದುಹೋಗುತ್ತದೆ. ಸುಮ್ಮನಿರುವುದು ಅವಳಿಗೆ ಎಷ್ಟು ಸುಲಭ!

ಅಪ್ಪ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ಅವಳು ಎದುರಿಗೆ ಕೂತು, ಮಾಯಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಶ್ಯಾಮಣ್ಣ ಪೇಪರು ಇಳಿಸಲಿಲ್ಲ. ಅವರ ಮುಖ ಕಾಣುತ್ತಿರಲಿಲ್ಲ, ಪೇಪರಿನ ಅಂಚು ಮಾತ್ರ ಅಲುಗುತ್ತಿತ್ತು.

"ಅಪ್ಪ, ಮಂಡ್ಯದವರು ಬೇಡ."

"ಮಾತು ಕೊಟ್ಟಾಗಿದೆ ಕಣಮ್ಮ."

"ಮಾತು ಕೊಟ್ಟವರು ನೀವು. ನಾನು ನಿಮ್ಮಿಷ್ಟ ಅಂದೆ, ಅಷ್ಟೆ. ನನ್ನಿಷ್ಟ ಏನು ಅಂತ ನನಗೇ ಗೊತ್ತಿರಲಿಲ್ಲ. ಈಗಲೂ ಪೂರ್ತಿ ಗೊತ್ತಿಲ್ಲ. ಇದು ಬೇಡ ಅನ್ನೋದು ಮಾತ್ರ ಗೊತ್ತು."

ಪೇಪರು ಮೆಲ್ಲಗೆ ಕೆಳಗಿಳಿಯಿತು. ಮೂವತ್ತೆರಡು ವರ್ಷ ತಾಲ್ಲೂಕು ಕಚೇರಿಯಲ್ಲಿ ದುಡಿದ ಮನುಷ್ಯ, ಮಗಳ ಎದುರಿಗೆ ಕಣ್ಣೆತ್ತಲಾರದೆ ಕೂತಿದ್ದರು.

"ನಿಮ್ಮಮ್ಮ ಹೇಳಿದ್ದಳು," ಎಂದರು. "ಅವತ್ತು ಹನ್ನೆರಡು ಗಂಟೆಗೆ ಒಂದು ಸಲ ಮನೆಗೆ ಬಂದೆ. ಆ ಕಡೆ ಸ್ಟ್ಯಾಂಡಿಗೂ ಹೋಗಿ ನೋಡಿ ಅಂದಳು. ನಾನು ರೇಗಿದೆ. ಮರ್ಯಾದಸ್ಥರು ಬರೋದು ಸರ್ಕಾರಿ ಬಸ್ಸಲ್ಲಿ, ನೀನು ಸುಮ್ಮನಿರು ಅಂದೆ. ಸಾಯೋತನಕ ಅವಳು ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆದ್ರೆ ನನಗೆ ಅನುಮಾನ ಇತ್ತು ಕಣಮ್ಮ... ಎರಡು ವರ್ಷದಿಂದಲೂ ಇತ್ತು."

ಸರ್ಕಾರಿ ನೌಕರಿ ಮಾಡಿದವರಿಗೆ ಬಸ್ಸೆಂದರೆ ಸರ್ಕಾರಿ ಬಸ್ಸೇ. ಅದಕ್ಕೆ ಯಾರನ್ನು ಬೈಯುವುದು? ಚೂಡಾಮಣಿ ಬೈಯಲಿಲ್ಲ. ಕೈ ಚಾಚಿ ಅಪ್ಪನ ಮೊಣಕಾಲನ್ನು ಮುಟ್ಟಿದಳು. ಶ್ಯಾಮಣ್ಣ ಆ ಕೈಯನ್ನು ಹಿಡಿದುಕೊಂಡು ಚಿಕ್ಕ ಹುಡುಗನ ಹಾಗೆ ಅತ್ತರು. ಅವಳು ಅಳದೆ ಕೂತಿದ್ದಳು.

ಬೆಳಿಗ್ಗೆ ಅಪ್ಪ ಕೋಟು ಹಾಕಿಕೊಂಡು ಮಂಡ್ಯಕ್ಕೆ ಹೊರಟರು. ಬೇಡ ಅನ್ನುವುದನ್ನು ಕಾಗದದಲ್ಲಿ ಹೇಳಬಾರದು, ಮುಖ ತೋರಿಸಿಯೇ ಹೇಳಿ ಬರುತ್ತೇನೆ ಅಂದರು. ಮೊದಲು ಸಿಕ್ಕ ಬಸ್ಸು ಹತ್ತಿದರು. ಅದು ಪ್ರೈವೇಟ್ ಬಸ್ಸು.

ಗುರುವಾರ ಮಧ್ಯಾಹ್ನ ಸ್ಕೂಲಿಗೆ ರಜಾ ಹಾಕಿ ಚೂಡಾಮಣಿ ಪ್ರೆಸ್ಸಿಗೆ ಹೋದಳು.

ಹಾಳೆಗಳು ಅಚ್ಚಾಗಿ ಹಗ್ಗದ ಮೇಲೆ ಒಣಗುತ್ತಿದ್ದವು. ಮೂರು ಅಂಕಣ, ಮೂವರ ಮಾತು, ಕೆಳಗೆ ಎರಡು ಸಹಿ ಮತ್ತು ಒಂದು ಹೆಬ್ಬೆಟ್ಟು ಇದೆ ಎಂಬ ಒಕ್ಕಣೆ. ಯೋಗಾನರಸಿಂಹ ಅಚ್ಚಿಗೆ ಜೋಡಿಸಿದ್ದ ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಅವುಗಳ ಖಾನೆಗೆ ಹಾಕುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಾಳೆ ನಿಮ್ಮ ಮನೇಲಿ ತಾಂಬೂಲ ಅಂತ ಕೇಳಿದೆ," ಎಂದ. "ಆಂಡಾಳಮ್ಮನವರು ಹೇಳಿದ್ರು."

"ಇಲ್ಲ. ಅಪ್ಪ ಬೇಡ ಅಂತ ಹೇಳೋದಕ್ಕೆ ಹೋಗಿದ್ದಾರೆ. ನಾನೇ ಬೇಡ ಅಂದೆ."

ಅವನು ಕೈಯಲ್ಲಿದ್ದ ಮೊಳೆಯನ್ನು ಯಾವುದೋ ಖಾನೆಗೆ ಹಾಕಿಬಿಟ್ಟ. ತಪ್ಪು ಖಾನೆ ಇರಬೇಕು. ನೋಡಿಕೊಳ್ಳಲಿಲ್ಲ.

"ನೀವು ಈ ಊರಿಗೇ ಯಾಕೆ ಬಂದ್ರಿ?" ಎಂದು ಕೇಳಿದಳು ಚೂಡಾಮಣಿ.

"ಪ್ರೆಸ್ಸಿಗೆ ಕೊಳ್ಳೇಗಾಲದಲ್ಲೂ ಜಾಗ ಸಿಕ್ಕಿತ್ತು. ಅಮ್ಮ ಅಲ್ಲಿಗೇ ಹೋಗು ಅಂದ್ರು. ಮಳವಳ್ಳಿ ಅಂದ್ರೆ ಅವರು ಎದ್ದು ಒಳಗೆ ಹೋಗ್ತಾರೆ. ಆದ್ರೂ ಇಲ್ಲಿಗೆ ಬಂದೆ. ನಿಮ್ಮನ್ನ ಒಂದು ಸಲ ನೋಡಬೇಕು, ನಮ್ಮಲ್ಲಿ ಏನು ಕೊರತೆ ಕಂಡಿತು ಅಂತ ಕೇಳಬೇಕು ಅಂತ ಇತ್ತು." ಶಾಯಿ ಮೆತ್ತಿದ ಬೆರಳನ್ನು ಬಟ್ಟೆಗೆ ಒರೆಸಿಕೊಂಡ. "ನಾಲ್ಕು ತಿಂಗಳಾಯ್ತು. ನಿಮ್ಮ ಬೀದಿ ಕಡೆ ಬರೋದಕ್ಕೇ ಧೈರ್ಯ ಆಗಲಿಲ್ಲ. ಕೊನೆಗೆ ನೀವೇ ಬಂದ್ರಿ, ಬಸ್ಸಿನ ವಿಚಾರ ಹಿಡ್ಕೊಂಡು."

ಅವಳು ಒಣಗುತ್ತಿದ್ದ ಹಾಳೆಗಳನ್ನೇ ನೋಡುತ್ತಿದ್ದಳು. ಇವನಿಗೆ ಸುಳ್ಳು ಹೇಳಬಾರದು. ಇಷ್ಟು ದಿನ ಎಲ್ಲರಿಗೂ ಆಗಲಿ ಆಗಲಿ ಎಂದು ಹೇಳಿದ್ದೇ ಸುಳ್ಳು.

"ಒಂದು ಮಾತು ಮೊದಲೇ ಹೇಳಿಬಿಡ್ತೀನಿ," ಎಂದಳು. "ನಿನ್ನೆ ನಿಜ ಗೊತ್ತಾದಾಗ ನನಗೆ ಸಂತೋಷ ಆಗಲಿಲ್ಲ. ಈಗಲೂ ಆಗ್ತಿಲ್ಲ. ಅಮ್ಮ ಹೋದಾಗ ಅಳುನೂ ಬರಲಿಲ್ಲ. ನನ್ನೊಳಗೆ ಏನೋ ಮರಗಟ್ಟಿಹೋಗಿದೆ. ಅದು ಸರಿಹೋಗತ್ತೋ ಇಲ್ವೋ ಗೊತ್ತಿಲ್ಲ. ಇಂಥವಳನ್ನ ಕಟ್ಟಿಕೊಂಡು ನೀವು ಏನು ಸುಖ ಪಡ್ತೀರಿ ಅಂತ ಯೋಚನೆ ಮಾಡಿ. ಆದ್ರೆ..." ಅವಳು ಹಾಳೆಗಳಿಂದ ಕಣ್ಣು ತೆಗೆದು ಅವನತ್ತ ತಿರುಗಿದಳು. "ಆದ್ರೆ ಇಷ್ಟನ್ನೂ ಹೇಳಬೇಕು ಅಂತ ಅನ್ನಿಸಿದ್ದು ನಿಮಗೊಬ್ಬರಿಗೇ."

ಎಲ್ಲ ಸರಿಹೋಗುತ್ತದೆ ಎಂದು ಯೋಗಾನರಸಿಂಹ ಹೇಳಿದ್ದರೆ ಅವಳು ಬಹುಶಃ ಹೊರಟುಹೋಗುತ್ತಿದ್ದಳು. ಅವನು ಹಾಗೆ ಹೇಳಲಿಲ್ಲ.

"ನನಗೇನೂ ಆತುರ ಇಲ್ಲ," ಎಂದ. "ಅಮ್ಮನ್ನ ಒಪ್ಪಿಸಬೇಕು, ಅದಕ್ಕೂ ದಿನ ಹಿಡಿಯತ್ತೆ. ಭಾನುವಾರ ವೋಟು ಮುಗಿದ ಮೇಲೆ ಮದ್ದೂರಿಗೆ ಹೋಗಿ ಎಲ್ಲ ಹೇಳ್ತೀನಿ. ಒಪ್ಪದೇ ಇದ್ರೆ ಮರುವಾರ ಮತ್ತೆ ಹೋಗಿ ಹೇಳ್ತೀನಿ. ನೀವು ನಗಬೇಕು ಅಂತಿಲ್ಲ, ಅಳಬೇಕು ಅಂತಾನೂ ಇಲ್ಲ. ಹೇಗಿದೀರೋ ಹಾಗೇ ಇಲ್ಲಿ ಬಂದು ಕೂತ್ಕೊಳ್ಳಿ. ನಾನು ಕೆಲಸ ಮಾಡ್ತಿರ್ತೀನಿ."

ಅವನು ಸ್ಟೂಲನ್ನು ಒರೆಸಿ ಇಟ್ಟ. ಅವಳು ಕೂತಳು. ಬೀದಿಬಾಗಿಲು ತೆರೆದೇ ಇತ್ತು. ಹೋಗುವವರು ಬರುವವರು ಇಣುಕಿ ನೋಡಿಕೊಂಡೇ ಹೋದರು. ನೋಡಲಿ ಎಂದುಕೊಂಡಳು. ಹೊರಗೆ ಕೆಂಪಸಿದ್ದಯ್ಯನ ಮೈಕಿನ ಜೀಪು ಕೂಗುತ್ತ ಹಾದು, ದೂರವಾಯಿತು. ಮೊಳೆಗಳು ಖಾನೆಗೆ ಬೀಳುವ ಸದ್ದು ಮಾತ್ರ ಉಳಿಯಿತು.

ಎಷ್ಟು ಹೊತ್ತು ಕೂತಿದ್ದಳೋ. ಇದ್ದಕ್ಕಿದ್ದ ಹಾಗೆ ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಮುಖದಲ್ಲಿ ಅಚ್ಚರಿ.

"ಏನಾಯ್ತು?" ಅವನು ಗಾಬರಿಯಾದ.

"ಹಸಿವು," ಎಂದಳು ಚೂಡಾಮಣಿ, ತಾನೇ ನಂಬಲಾರದವಳ ಹಾಗೆ. "ನನಗೆ... ತುಂಬ ಹಸಿವಾಗ್ತಿದೆ."

ಅವನು ಕೈ ತೊಳೆದು ಬಂದು, ಮೂಲೆಯಲ್ಲಿದ್ದ ತನ್ನ ಬುತ್ತಿಯ ಡಬ್ಬಿ ಬಿಚ್ಚಿ ಅವಳ ಮುಂದಿಟ್ಟ. ಮೊಸರನ್ನ, ಪಕ್ಕದಲ್ಲಿ ಒಂದು ಹೋಳು ನಿಂಬೆಕಾಯಿ ಉಪ್ಪಿನಕಾಯಿ. ಅವಳು ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಮೂರನೆಯ ತುತ್ತಿಗೆ ಕಣ್ಣಿಂದ ನೀರು ಸುರಿಯತೊಡಗಿತು. ಒರೆಸಿಕೊಳ್ಳಲಿಲ್ಲ, ತಿನ್ನುವುದನ್ನೂ ನಿಲ್ಲಿಸಲಿಲ್ಲ.

ಡಬ್ಬಿ ಅರ್ಧವಾದಾಗ ಅವನು ಮೆಲ್ಲಗೆ ಕೇಳಿದ, "ಹೇಗಿದೆ?"

"ಉಪ್ಪು ಜಾಸ್ತಿ."

"ನಾನೇ ಕಲಸಿದ್ದು."

ಅವಳು ತಲೆ ಎತ್ತಿ, ನೀರು ತುಂಬಿದ ಕಣ್ಣಲ್ಲೇ ಅವನನ್ನು ನೋಡಿದಳು.

"ನಾಳೆ ಸ್ವಲ್ಪ ಕಮ್ಮಿ ಹಾಕಿ."